ಬೇರೆ ಕೈಯ ಉಪ್ಪು

ಲಿಮಾ
2 ಏಪ್ರಿಲ್ 2006

ನಿಕಾನೊರ್,

ಮಳೆಗಾಲ ಮುಗಿದ ಕೂಡಲೇ, ಈಸ್ಟರ್ ಹಬ್ಬಕ್ಕೆ ಮನೆಗೆ ಬಂದುಬಿಡುತ್ತೇನೆ ಎಂದು ಹೇಳಿ ಬಂದವಳು ಈಗ ಬರಲಾಗುವುದಿಲ್ಲ ಎಂದು ಬರೆಯುತ್ತಿದ್ದೇನೆ. ಮುಖ ಊದಿಸಿಕೊಳ್ಳುವ ಮೊದಲು ಪೂರ್ತಿ ಓದು. ಸಿಮಿಯೋನಾ ಅಂಗಡಿಗೆ ಫೋನ್ ಮಾಡಬಹುದಿತ್ತು. ಆದರೆ ಅಲ್ಲಿ ನಾನು ಹಲೋ ಅಂದರೆ ನಿನಗೆ ಕೇಳುವ ಮೊದಲು ಇಡೀ ಮರಾಸ್‌ಗೆ ಕೇಳುತ್ತದೆ. ಅದಕ್ಕೇ ಎವಾರಿಸ್ತೊ ಲಾರಿಯಲ್ಲಿ ಕಾಗದ ಕಳಿಸಿದ್ದೇನೆ. ತಿಂಗಳಿಗೆರಡು ಸಲ ಉಪ್ಪಿನ ಮೂಟೆ ಇಳಿಸಲು ಬರುವವನು ನಮಗೆ ಅಂಚೆಯವನೂ ಆಗಲಿ.

ಈ ಹೋಟೆಲಿನಲ್ಲಿ ಇಷ್ಟು ದಿನ ನಾನು ತರಕಾರಿ ತೊಳೆಯುತ್ತಿದ್ದೆ, ಅಷ್ಟೆ. ಕೆಲಸದವರ ಊಟವನ್ನು ಸರದಿಯ ಮೇಲೆ ನಾವೇ ಮಾಡಿಕೊಳ್ಳಬೇಕು. ಹೋದ ವಾರ ನನ್ನ ಸರದಿ ಬಂತು. ಮೂಲೆಯಲ್ಲಿ ಉಳಿದದ್ದು ಸಿಹಿಗುಂಬಳ, ಬೀಟ್‌ರೂಟ್, ಗೆಣಸು, ಈರುಳ್ಳಿ, ನಮ್ಮೂರಿನ ಕಡೆಯ ಒಂದಿಷ್ಟು ಓಕಾ ಗೆಡ್ಡೆ. ಎಲ್ಲವನ್ನೂ ಸಿಪ್ಪೆ ಸಮೇತ ಕೆಂಡದಲ್ಲಿ ಹೂತುಬಿಟ್ಟೆ. ಎಣ್ಣೆ ಇಲ್ಲ, ಮಸಾಲೆ ಇಲ್ಲ. ಅಡುಗೆಯವರು ನಕ್ಕರು. “ಏನಮ್ಮಾ, ನಮಗೆ ಊಟ ಹಾಕ್ತೀಯೋ, ಹಂದಿಗೆ ಬೇಯಿಸ್ತಿದೀಯೋ?” ಎಂದರು. ನಾನು ಕೆಂಡ ಕೆದಕಿದೆ. ಬೆಂದದ್ದನ್ನು ಬಿಡಿಸಿ, ಆವಿ ಏಳುತ್ತಿರುವಾಗಲೇ ಊರಿಂದ ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿದ್ದ, ನಮ್ಮ ಪಾತಿಯ ನೀರಿನ ಮೇಲೆ ಕೆನೆ ಕಟ್ಟುವ ಉಪ್ಪಿನ ಹೂವನ್ನು ಮೇಲಿಂದ ಒಂದೊಂದು ಚಿಟಿಕೆ ಉದುರಿಸಿದೆ.

ಆ ಹೊತ್ತಿಗೆ ದೋನ್ ಜೀನೊ ಬಂದರು. ಹೋಟೆಲಿನ ಯಜಮಾನರೂ ಅವರೇ, ದೊಡ್ಡ ಅಡುಗೆಯವರೂ ಅವರೇ. ನಿಂತೇ ಒಂದು ಚೂರು ಕುಂಬಳ ಬಾಯಿಗೆ ಹಾಕಿಕೊಂಡರು. ಆಮೇಲೆ ನನ್ನ ಅಂಗೈಯಲ್ಲಿದ್ದ ಉಪ್ಪಿನಿಂದ ಎರಡು ಹರಳು ತೆಗೆದು ನಾಲಿಗೆ ಮೇಲೆ ಇಟ್ಟುಕೊಂಡರು. “ಬೇಯೋವಾಗ್ಲೇ ಯಾಕೆ ಹಾಕ್ಲಿಲ್ಲ?” ಎಂದು ಕೇಳಿದರು. “ಹಾಕಿದ್ರೆ ಕರಗಿ ಹೋಗುತ್ತೆ ಸ್ವಾಮಿ. ಮೊದಲು ಹಲ್ಲಿಗೆ ಸಿಗ್ಬೇಕು, ಆಮೇಲೆ ಕರಗ್ಬೇಕು” ಎಂದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

ಈಗ ಹೋಟೆಲಿನ ಹಲಗೆಯ ಮೇಲೆ ‘ಫೆಲಿಸಾಳ ಕೆಂಡದ ತರಕಾರಿ’ ಎಂದು ಬರೆದಿದ್ದಾರೆ. ಓದಿದೆಯಾ? ನನ್ನ ಹೆಸರು! ದೋನ್ ಜೀನೊ ಹೇಳಿದ್ದು ಇಷ್ಟು: “ಈ ಉಪ್ಪು ಬರೋ ತನಕ ಈ ತಿನಿಸು, ಈ ತಿನಿಸು ಇರೋ ತನಕ ನೀನು ಒಲೆ ಮುಂದೆ.” ಗಂಟಿನಲ್ಲಿ ಉಳಿದಿರುವುದು ಮುಗಿಯುತ್ತಾ ಬಂತು. ನೀರು ಬಿಟ್ಟು ಪಾತಿ ಕಟ್ಟಿದ ಕೂಡಲೇ ಮೊದಲ ಹೂವು ಕಳಿಸು.

ಗಂಡ ದಿಮ್ಮಸು ಹೊಡೆದು ಪಾತಿಯ ನೆಲ ಗಟ್ಟಿ ಮಾಡುವುದು, ಹೆಂಡತಿ ಹೂವು ತೆಗೆಯುವುದು ನಮ್ಮಲ್ಲಿ ನಡೆದುಬಂದದ್ದು. ಈ ಸಲ ಎರಡೂ ನಿನ್ನ ತಲೆಗೆ ಬಂತು. ನಿನ್ನ ಕೈ ಎಷ್ಟು ಭಾರ ಎಂದು ನನಗೆ ಗೊತ್ತಿಲ್ಲವೇ? ಕೆನೆ ತೆಗೆದ ಹಾಗೆ ಮೇಲಿನದ್ದು ಮಾತ್ರ ತೆಗೆ, ಕೆಳಗಿನ ಕೆಂಪು ಉಪ್ಪಿಗೆ ಮುಟ್ಟಿಸಬೇಡ. ನನ್ನ ಮರದ ಸೌಟು ನೀರಿನ ಹಂಡೆಯ ಹಿಂದಿದೆ. ಅತ್ತೆಗೆ ನಮಸ್ಕಾರ ಹೇಳು.

ನಿನ್ನ ಫೆಲಿಸಾ

•

ಮರಾಸ್
23 ಏಪ್ರಿಲ್ 2006

ಫೆಲಿಸಾ,

ಪೂರ್ತಿ ಓದಿದೆ. ಎರಡು ಸಲ ಓದಿದೆ. ಮುಖ ಊದಿಸಿಕೊಂಡಿಲ್ಲ.

ಅಂಗೈಯಿಂದ ತೆಗೆದುಕೊಂಡ ಎಂದು ಬರೆದಿದ್ದೀಯಲ್ಲ, ಅದೇನು ಕಥೆ? ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳ ಎಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ನೀನು ನನಗೇ ಯಾವತ್ತೂ ಕೊಟ್ಟಿಲ್ಲ. ಮದುವೆಯಾದ ಮೂರು ವರ್ಷದಲ್ಲಿ ಒಂದು ಸಲ ಊಟದ ನಡುವೆ ಕೈ ಚಾಚಿದ್ದಕ್ಕೆ ಬಟ್ಟಲನ್ನು ನೆಲಕ್ಕಿಟ್ಟು “ತಗೋ” ಎಂದವಳು ನೀನು. ಆ ಮನುಷ್ಯ ಕೈಯಲ್ಲೇ ತೆಗೆದ, ನೀನು ಸುಮ್ಮನೆ ನಿಂತೆ. ಲಿಮಾದಲ್ಲಿ ಪದ್ಧತಿ ಬೇರೆಯೋ?

ಆ ದೋನ್ ಜೀನೊಗೆ ಮದುವೆ ಆಗಿದೆಯೋ ಇಲ್ಲವೋ ಬರೆಯಲಿಲ್ಲ. ವಯಸ್ಸೂ ಬರೆಯಲಿಲ್ಲ. ಕುಂಬಳ, ಬೀಟ್‌ರೂಟ್, ಈರುಳ್ಳಿ ಎಲ್ಲಾ ಬರೆದೆ. ಅಮ್ಮನಿಗೆ ಕಾಗದ ಓದಿ ಹೇಳಿದೆ. ಅವಳು ಜೋಳ ಬಿಡಿಸುತ್ತಲೇ, “ಬೆಂದ ಕುಂಬಳಕ್ಕೆ ಹೆಸರಿಡೋ ಊರಿನವರು ಹೆಂಡತೀನ ಬಿಟ್ಟಾರೇನೋ?” ಎಂದಳು. ತಮಾಷೆಗೆ ಅಂದದ್ದು. ನನಗೆ ನಗು ಬರಲಿಲ್ಲ.

ಇಲ್ಲಿ ಉಪ್ಪುನೀರಿನ ಕಾಲುವೆ ಬಿಚ್ಚಿದೆವು. ಮಳೆಗೆ ಬದುಗಳು ಬಹಳ ಹಾಳಾಗಿವೆ. ನಮ್ಮ ಪಕ್ಕದ ಪಾತಿಯ ಕಸಿಮಿರಾ ಗಂಡ ಸತ್ತ ಮೇಲೆ ಒಬ್ಬಳೇ ಒದ್ದಾಡುತ್ತಿದ್ದಾಳೆ. ಅವಳ ಬದು ಕುಸಿದು ನಮ್ಮ ಪಾತಿಗೇ ಮಣ್ಣು ಇಳಿಯುತ್ತಿತ್ತು. ಕಲ್ಲು ಕಟ್ಟಿಕೊಟ್ಟೆ, ದಿಮ್ಮಸೂ ಹೊಡೆದುಕೊಟ್ಟೆ. “ಮುಯ್ಯಿ ತೀರಿಸ್ತೀನಿ ಬಿಡು” ಎಂದಳು.

ಹೂವು ನಾನೇ ತೆಗೆಯುತ್ತೇನೆ. ಅದರಲ್ಲೇನು ಬ್ರಹ್ಮವಿದ್ಯೆ? ಕಳಿಸುತ್ತೇನೆ. ಸಲಹೆ ಬೇಡ.

ನಿಕಾನೊರ್

•

ಲಿಮಾ
20 ಮೇ 2006

ನನ್ನ ಹೊಟ್ಟೆಕಿಚ್ಚಿನ ಗಂಡನಿಗೆ,

ದೋನ್ ಜೀನೊಗೆ ಮದುವೆಯಾಗಿ, ಮುರಿದು, ಮತ್ತೆ ಆಗಿ, ಅದೂ ಮುರಿದಿದೆ. ವಯಸ್ಸು ಕೇಳಲಿಲ್ಲ. ಇನ್ನೇನು ಬೇಕು? ಹೊಟ್ಟೆ ದೊಡ್ಡದು, ದನಿ ಇನ್ನೂ ದೊಡ್ಡದು. ನಗುವಾಗ ಒಲೆಯ ಮೇಲಿನ ಮುಚ್ಚಳ ಅಲುಗಾಡುತ್ತದೆ. ಸಮಾಧಾನ ಆಯಿತೇ?

ಉಪ್ಪಿನ ಚೀಲ ಬಂತು. ಎವಾರಿಸ್ತೊ ಪದ್ಧತಿ ಪ್ರಕಾರ ನೆಲಕ್ಕಿಟ್ಟ, ನಾನು ಎತ್ತಿಕೊಂಡೆ. ಬಿಚ್ಚಿದರೆ ಬೆಳ್ಳಗೆ, ಹಾಳೆ ಹಾಳೆಯಾಗಿ, ಒಂದು ಹರಳೂ ಮುರಿದಿಲ್ಲ. ಮಣ್ಣಿನ ಛಾಯೆಯೂ ಇಲ್ಲ. ಅಡುಗೆಮನೆಯವರೆಲ್ಲ ಸುತ್ತ ನೆರೆದರು. ದೋನ್ ಜೀನೊ ಬೆಳಕಿಗೆ ಹಿಡಿದು ನೋಡಿ, “ಇದನ್ನ ತೆಗೆದ ಕೈಗೆ ಮುತ್ತಿಡ್ಬೇಕು!” ಎಂದರು.

ನಿನ್ನ ಕೈ ಯಾವಾಗ ಇಷ್ಟು ಹಗುರವಾಯಿತು, ನಿಕಾನೊರ್? ನೀನೇ ತೆಗೆದೆಯಾ? ನನ್ನ ಸೌಟಿನಲ್ಲೇ ತೆಗೆದೆಯಾ? ಯಾವ ಕಡೆಯಿಂದ ಶುರುಮಾಡಿದೆ? ಸುಮ್ಮನೆ ಕೇಳಿದೆ. ಹೋದ ವರ್ಷ ನನಗೆ ಜ್ವರ ಬಂದಾಗ ನೀನು ಒಂದು ದಿನ ತೆಗೆದದ್ದು ನೆನಪಿದೆ. ಅರ್ಧ ಪಾತಿಯನ್ನೇ ಬಗೆದುಕೊಂಡು ಬಂದಿದ್ದೆ. ಅದರಲ್ಲಿ ಒಂದು ಜೀರುಂಡೆಯೂ ಇತ್ತು.

ಇಲ್ಲಿ ಈಗ ನಾನು ಅಡುಗೆಮನೆಯಲ್ಲೇ ನಿಲ್ಲುವುದಿಲ್ಲ. ತಟ್ಟೆ ಮೇಜಿಗೆ ಹೋದ ಮೇಲೆ ಬಿಳಿ ಕೋಟು ಹಾಕಿಕೊಂಡು ಹಿಂದೆಯೇ ಹೋಗುತ್ತೇನೆ. ಗಿರಾಕಿಗಳ ಕಣ್ಣೆದುರಿಗೇ ಕುಂಬಳದ ಮೇಲೆ, ಬೀಟ್‌ರೂಟಿನ ಮೇಲೆ ಉಪ್ಪು ಉದುರಿಸುತ್ತೇನೆ. ಮಾತು ನಿಂತುಹೋಗುತ್ತದೆ. ಕುಂಬಳ ಅದೇ ಕುಂಬಳ. ಆದರೆ ಉಪ್ಪು ಬೀಳುವ ತನಕ ಯಾರೂ ಫೋರ್ಕ್ ಮುಟ್ಟುವುದಿಲ್ಲ. ಒಂದು ಪತ್ರಿಕೆಯವರು ಬಂದು ಫೋಟೊ ತೆಗೆದುಕೊಂಡು ಹೋದರು. ಒಂದು ಪ್ರತಿ ಈ ಕಾಗದದ ಜೊತೆ ಇಟ್ಟಿದ್ದೇನೆ, ನೋಡು.

ಪಕ್ಕದ ಪಾತಿಯವರ ಬದು ಈಗ ಗಟ್ಟಿಯಾಗಿದೆ ತಾನೇ?

ಫೆಲಿಸಾ

•

ಮರಾಸ್
4 ಜೂನ್ 2006

ಫೆಲಿಸಾ,

ಫೋಟೊ ನೋಡಿದೆ. ಬಿಳಿ ಕೋಟು ಚೆನ್ನಾಗಿದೆ. ನಿನ್ನ ಬಲ ಭುಜದ ಮೇಲಿರುವ ಕೈ ಯಾರದು?

ಕೈಯಲ್ಲಿ ಉಂಗುರ ಇದೆ, ಕೂದಲು ಇದೆ. ಮುಖ ಮಾತ್ರ ಚೌಕಟ್ಟಿನ ಆಚೆ ಹೋಗಿದೆ. ಕೈ ಹಾಕಲು ಜಾಗ ಸಿಕ್ಕವನಿಗೆ ಮುಖ ತೋರಿಸಲು ಜಾಗ ಸಿಗಲಿಲ್ಲವೇ? ನೀನಂತೂ ಹಲ್ಲು ಬಿಟ್ಟುಕೊಂಡು ನಿಂತಿದ್ದೀಯ. ನಮ್ಮ ಮದುವೆಯ ಫೋಟೊದಲ್ಲಿ ನಿನಗೆ ಹಲ್ಲೇ ಇರಲಿಲ್ಲ ಅನ್ನಿಸುತ್ತದೆ. ಎವಾರಿಸ್ತೊ ಅದನ್ನು ಕೊಡುವ ಮೊದಲೇ ಲಾರಿ ಸ್ಟ್ಯಾಂಡಿನಲ್ಲಿ ನಾಲ್ಕು ಜನಕ್ಕೆ ತೋರಿಸಿದ್ದಾನೆ. ಸಿಮಿಯೋನಾ ಅಂಗಡಿಯಲ್ಲಿ ನಾನು ಬೆಂಕಿಪೊಟ್ಟಣ ಕೇಳಿದರೆ, “ಯಾಕಪ್ಪಾ, ನಿನ್ ಹೊಟ್ಟೇಲೇ ಉರೀತಾ ಇದ್ಯಲ್ಲ” ಎನ್ನುತ್ತಾಳೆ. ಕಸಿಮಿರಾ ಒಬ್ಬಳೇ ಸಮಾಧಾನವಾಗಿ ನೋಡಿ, “ಫೆಲಿಸಾ ಮೈ ತುಂಬಿಕೊಂಡಿದಾಳೆ, ಚೆನ್ನಾಗಿ ಕಾಣ್ತಾಳೆ” ಎಂದಳು. ಒಳ್ಳೆಯ ಹೆಂಗಸು.

ಹೂವು ತೆಗೆದದ್ದು ನಾನೇ. ಇನ್ಯಾರು ತೆಗೆಯುತ್ತಾರೆ? ಕಲಿತೆ. ಕೈ ಹಗುರವಾಯಿತು, ಮನಸ್ಸು ಭಾರವಾಯಿತು. ಎರಡನೇ ಚೀಲ ಕಳಿಸಿದ್ದೇನೆ, ಅದೂ ಹಾಗೇ ಇದೆ. ಈ ಉಪ್ಪು ಕೆಟ್ಟರೆ ನಿನ್ನ ಜಾಗ ಹೋಗುತ್ತದೆ ಎಂದು ನನಗೂ ಗೊತ್ತು. ಇಲ್ಲಿ ಯಾರಿಗೂ ನಿನ್ನ ಜಾಗ ಕಳೆಯುವ ಆಸೆ ಇಲ್ಲ.

ಆಲೂಗೆಡ್ಡೆ ಅಗೆಯುವ ಕಾಲ ಬಂತು. ಸಂತ ಹುವಾನನ ಹಬ್ಬದ ದಿನ ಹೊಲದಲ್ಲೇ ಮಣ್ಣಿನ ಹೆಂಟೆ ಜೋಡಿಸಿ ಗೂಡು ಕಟ್ಟುತ್ತೇನೆ. ಕೆಂಪಗೆ ಕಾಯಿಸಿ, ಗೆಡ್ಡೆಗಳನ್ನು ಒಳಗೆ ಹಾಕಿ, ಗೂಡನ್ನು ಅವುಗಳ ಮೇಲೇ ಕೆಡವುತ್ತೇನೆ. ಬಗೆದು ತೆಗೆದ ಮೇಲೆ ಮೊದಲ ಉಪ್ಪು ಯಾವಾಗಲೂ ನೀನೇ ಹಾಕುವುದು. ಎರಡು ದಿನಕ್ಕಾದರೂ ಬಾ. ಮೇಜಿನವರು ಎರಡು ದಿನ ಸಪ್ಪೆ ತಿನ್ನಲಿ.

ನಿಕಾನೊರ್

•

ಲಿಮಾ
16 ಜೂನ್ 2006

ಶ್ರೀಮಾನ್ ನಿಕಾನೊರ್ ಅವರಿಗೆ,

ನೀವು ಕಳಿಸಿದ ಎರಡನೇ ಚೀಲ ತಲುಪಿತು. ಮೊದಲಿನದಕ್ಕಿಂತಲೂ ಚೆನ್ನಾಗಿದೆ. ತೆಗೆದವರಿಗೆ ನನ್ನ ಧನ್ಯವಾದ ತಿಳಿಸಿ.

ಹಬ್ಬಕ್ಕೆ ಬರಲಾಗುವುದಿಲ್ಲ. ಜುಲೈ ಒಂಬತ್ತಕ್ಕೆ ಇಲ್ಲಿ ದೊಡ್ಡ ಊಟವಿದೆ. ದೊಡ್ಡ ದೊಡ್ಡ ಹೋಟೆಲಿನ ಯಜಮಾನರು ಬರುತ್ತಾರೆ. ಕೆಂಡದ ತರಕಾರಿ ಅವರಿಗೆ ಹಿಡಿಸಿದರೆ ದೋನ್ ಜೀನೊ ಸಮುದ್ರದ ಹತ್ತಿರ ಇನ್ನೊಂದು ಚಿಕ್ಕ ಹೋಟೆಲು ತೆರೆಯುತ್ತಾರಂತೆ. ಅದರ ಒಲೆ ಪೂರ್ತಿ ನನ್ನದೇ. ಹಾಗಾದರೆ ನಾನು ಇಲ್ಲೇ ಉಳಿಯಬೇಕಾಗುತ್ತದೆ. ನಿಮಗೆ ಅದರಿಂದ ತೊಂದರೆ ಏನೂ ಆಗಲಿಕ್ಕಿಲ್ಲ. ಪಾತಿಯ ಕೆಲಸ ನಾನಿಲ್ಲದೆಯೂ ಸೊಗಸಾಗಿ ನಡೆಯುತ್ತಿದೆ.

ದೋನ್ ಜೀನೊ ನನ್ನನ್ನು ಸಮುದ್ರದಂಡೆಗೆ ಕರೆದುಕೊಂಡು ಹೋಗಿ ಜಾಗ ತೋರಿಸಿದರು. ಗಾಳಿ ಚೆನ್ನಾಗಿತ್ತು.

ಆ ಊಟಕ್ಕೆ ಇನ್ನೊಂದು ಚೀಲ ಬೇಕು. ಯಾವ ಕೈಯಿಂದ ತೆಗೆಸಿದರೂ ಸರಿ.

ಫೆಲಿಸಾ

•

ಮರಾಸ್
27 ಜೂನ್ 2006

ಫೆಲಿಸಾ,

ನೀವಂತೆ, ಶ್ರೀಮಾನ್ ಅಂತೆ! ಕಾಗದವನ್ನು ಅಮ್ಮನಿಗೆ ಓದಿ ಹೇಳಲು ಹೋಗಿ ಆ ಸಾಲಿಗೆ ಬಂದಾಗ ನಾಲಿಗೆ ತಡವರಿಸಿತು. “ಯಾರೋ ಅದು ಶ್ರೀಮಾನು? ತೆರಿಗೆಯವನು ಬರ್ದನಾ?” ಎಂದು ಕೇಳಿದಳು. ಮಡಚಿ ಜೇಬಿಗೆ ಹಾಕಿಕೊಂಡೆ.

ನಾನು ಏನು ಮಾಡಿದೆ? ಕೇಳಿದ್ದು ಕಳಿಸಿದೆ. ಚೆನ್ನಾಗಿದೆ ಎಂದು ನೀನೇ ಬರೆದೆ. ಚೆನ್ನಾಗಿರುವುದೂ ತಪ್ಪಾಯಿತೇ? ಲಿಮಾದ ಸಮುದ್ರದ ಗಾಳಿ ತಲೆಗೆ ಹೋಗಿದೆ ಎಂದು ಕಾಣುತ್ತದೆ. ಆ ಗಾಳಿಯಲ್ಲಿ ಇಬ್ಬರೇ ನಡೆದಿರಾ, ಅಥವಾ ಜೊತೆಗೆ ಅಡುಗೆಯವರೂ ಇದ್ದರಾ? ಅದನ್ನೂ ಬರೆಯಲಿಲ್ಲ.

ಹಬ್ಬದ ದಿನ ಗೂಡು ಕಟ್ಟಿದೆ. ಹಾಳಾದ್ದು ಎರಡು ಸಲ ಕುಸಿಯಿತು. ಗೆಡ್ಡೆ ಬೆಂದವು. ಬಗೆದು ತೆಗೆದು ಎಲ್ಲರೂ ಸುತ್ತ ಕೂತರು. ಉಪ್ಪಿನ ಬಟ್ಟಲು ನಡುವೆ ಇತ್ತು. ಯಾರೂ ಮುಟ್ಟಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಕೊನೆಗೆ ಕಸಿಮಿರಾ “ನಾನ್ ಹಾಕ್ಲಾ?” ಎಂದಳು. “ಬೇಡ” ಎಂದೆ. ಜೋರಾಗಿಯೇ ಅಂದೆ ಅನ್ನಿಸುತ್ತದೆ. ಅವಳು ಎದ್ದು ಹೋದಳು. ನಾವು ಸಪ್ಪೆ ಗೆಡ್ಡೆ ತಿಂದೆವು. ಅಮ್ಮ, “ಹೆಂಡತಿ ಇಲ್ದಿದ್ರೆ ಉಪ್ಪೂ ಇಲ್ವೇನೋ ಈ ಮನೇಲಿ?” ಎಂದಳು. ನೀನು ಅಲ್ಲಿ ಯಾವನ ಊಟಕ್ಕೋ ಚಿಟಿಕೆ ಚಿಟಿಕೆ ಉದುರಿಸುತ್ತಿದ್ದೀಯ, ಇಲ್ಲಿ ನಿನ್ನ ಮನೆಯವರ ಬಾಯಿ ಸಪ್ಪೆ.

ದೊಡ್ಡ ಊಟಕ್ಕೆ ಉಪ್ಪು ಬೇಕೆಂದೆಯಲ್ಲ, ಕಳಿಸಿದ್ದೇನೆ. ನಿನ್ನೆ ಮಧ್ಯಾಹ್ನ ಪಾತಿಗಿಳಿದು ಸಲಿಕೆಯಲ್ಲೇ ತುಂಬಿದೆ. ಚೀಲ ಹೊಲಿಯುವಾಗ ಅಮ್ಮ ಬಗ್ಗಿ ನೋಡಿ, “ಇದು ದನಕ್ಕೆ ಹಾಕೋ ಉಪ್ಪಲ್ವೇನೋ?” ಎಂದಳು. “ಹೂಂ, ಲಿಮಾದ ಹೋರಿಗೆ” ಎಂದೆ. ನಿನ್ನ ಜೀನೊ ಅದನ್ನು ಬೆಳಕಿಗೆ ಹಿಡಿದು ನೋಡಲಿ. ತೆಗೆದ ಕೈಗೆ ಮುತ್ತಿಡಬೇಕೆಂದರೆ ಮರಾಸ್‌ಗೆ ಬರಲಿ, ಕೈ ಸಿದ್ಧವಾಗಿದೆ.

ಸಮುದ್ರದ ಒಲೆ ನಿನಗೆ ಸಿಗಲಿ, ಸಿಗದಿರಲಿ, ನನಗೆ ಬರೆಯಬೇಡ.

ನಿಕಾನೊರ್

•

ಲಿಮಾ
12 ಜುಲೈ 2006

ನಿಕಾನೊರ್,

ಬರೆಯಬೇಡ ಎಂದೆ, ಬರೆಯುತ್ತಿದ್ದೇನೆ. ನಿನ್ನ ಮಾತು ನಾನು ಯಾವಾಗ ಕೇಳಿದ್ದೆ?

ಎವಾರಿಸ್ತೊ ಲಾರಿ ದಾರಿಯಲ್ಲಿ ಕೆಟ್ಟು ದೊಡ್ಡ ಊಟದ ಸಂಜೆಯೇ ಬಂದು ಮುಟ್ಟಿತು. ಅವಸರದಲ್ಲಿ ಅವನು ಚೀಲವನ್ನು ನೆಲಕ್ಕಿಡದೆ ನನ್ನ ಕೈಗೇ ಕೊಟ್ಟುಬಿಟ್ಟ. ಕೊಟ್ಟ ಮೇಲೆ ನಾಲಿಗೆ ಕಚ್ಚಿಕೊಂಡು, “ಅಯ್ಯೋ, ಜಗಳ ಆಗುತ್ತೆ ಅಕ್ಕಾ!” ಎಂದ. “ಆಗೋದೆಲ್ಲಾ ಆಗಿದೆ, ಕೊಡು” ಎಂದೆ.

ನಿನ್ನ ಕಾಗದ ಓದುವ ಮೊದಲೇ ಚೀಲ ಬಿಚ್ಚಿದೆ. ಕೆಂಪು ಉಪ್ಪು, ಕಂದು ಉಪ್ಪು, ಹೆಂಟೆ, ಬದುವಿನ ಕಲ್ಲಿನ ಚೂರು, ಒಂದು ಹುಲ್ಲುಕಡ್ಡಿ. ಕೈ ಹಾಕಿ ಕೆದಕಿದರೆ ಕೆಳಗೆ ಜೀರುಂಡೆಯೂ ಇತ್ತು. ಸುತ್ತ ನೆರೆದವರು ಮೂಗು ಮುರಿದರು. ನಾನು ಚೀಲದ ಪಕ್ಕದಲ್ಲೇ ನೆಲಕ್ಕೆ ಕೂತು ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ದೋನ್ ಜೀನೊ ಓಡಿಬಂದು “ಏನಾಯ್ತು, ಯಾರಾದ್ರೂ ಸತ್ರಾ?” ಎಂದು ಕೇಳಿದರು. “ಇಲ್ಲ ಸ್ವಾಮಿ, ನನ್ ಗಂಡ ಬದುಕಿದಾನೆ” ಎಂದೆ.

ಈಗ ಕೇಳು. ಮೊದಲ ಎರಡು ಚೀಲವನ್ನು ತೆಗೆದದ್ದು ಕಸಿಮಿರಾ. ಸುಳ್ಳು ಹೇಳಬೇಡ. ನಾನು ನಡುವಿನಿಂದ ಅಂಚಿಗೆ ತೆಗೆಯುತ್ತೇನೆ, ನನ್ನ ಹರಳು ಸ್ವಲ್ಪ ಮುರಿಯುತ್ತದೆ. ಅವಳು ಅಂಚಿನಿಂದ ನಡುವಿಗೆ ಬರುತ್ತಾಳೆ, ಹಾಳೆ ಹಾಗೇ ಉಳಿಯುತ್ತದೆ. ಹುಡುಗಿಯರಾಗಿದ್ದಾಗ ಇಬ್ಬರೂ ನನ್ನ ಚಿಕ್ಕಮ್ಮನ ಪಾತಿಯಲ್ಲಿ ಹೂವು ತೆಗೆಯುತ್ತಿದ್ದೆವು. ಚಿಕ್ಕಮ್ಮ ಪ್ರತಿ ಸಲವೂ ಅವಳ ಬುಟ್ಟಿಯನ್ನು ಎತ್ತಿ, “ನೋಡೇ ಫೆಲಿಸಾ, ಇದು ಕೈ ಅಂದ್ರೆ” ಎನ್ನುತ್ತಿದ್ದಳು. ಆ ಹೊಟ್ಟೆಕಿಚ್ಚು ನಿನಗಿಂತ ಹಳೆಯದು. ಮೊದಲ ಚೀಲ ಬಿಚ್ಚಿದ ಕೂಡಲೇ ನನಗೆ ಗೊತ್ತಾಯಿತು. ಅದಕ್ಕೇ ಯಾವ ಕಡೆಯಿಂದ ಶುರುಮಾಡಿದೆ ಎಂದು ಕೇಳಿದ್ದು. ನೀನು ಆ ಪ್ರಶ್ನೆಯನ್ನು ನೋಡಲೇ ಇಲ್ಲ. ಫೋಟೊದಲ್ಲಿದ್ದ ಕೈಯನ್ನು ನೋಡುತ್ತಾ ಕೂತೆ.

ನಾನು ಇಲ್ಲಿ ಬಿಳಿ ಕೋಟು ಹಾಕಿಕೊಂಡು ಮೇಜಿನಿಂದ ಮೇಜಿಗೆ ಹೋಗುತ್ತಿದ್ದೆ. ಜನ ಬಾಯಿ ಚಪ್ಪರಿಸುತ್ತಿದ್ದರು. ಒಂದೊಂದು ಸಲ ಅವರು ಹೊಗಳಿದಾಗಲೂ ಅವಳನ್ನೇ ಹೊಗಳಿದ ಹಾಗೆ ಕೇಳಿಸುತ್ತಿತ್ತು. ನನ್ನ ಪಾತಿಯಲ್ಲಿ ಅವಳು ಬಗ್ಗಿ ನಿಂತಿದ್ದಾಳೆ, ನೀನು ಬದುವಿನ ಮೇಲೆ ಕೂತು ನೋಡುತ್ತಿದ್ದೀಯ ಎಂದು ಕಣ್ಣಿಗೆ ಕಟ್ಟುತ್ತಿತ್ತು. ಮುಯ್ಯಿ ಅಂತೆ! ಗಂಡಸು ಬದು ಕಟ್ಟಿಕೊಟ್ಟರೆ ಹೆಂಗಸು ಅವನಿಗೆ ಜೋಳ ಸುಲಿದುಕೊಡಬಹುದಿತ್ತು, ಕಂಬಳಿ ನೇಯ್ದುಕೊಡಬಹುದಿತ್ತು. ಹೂವೇ ಆಗಬೇಕಿತ್ತೇ? ಹೆಂಡತಿ ಕೂತ ಜಾಗದಲ್ಲೇ ಕೂರಬೇಕಿತ್ತೇ? ನನ್ನ ಜಾಗ ಹೋಗದಿರಲಿ ಎಂದು ನೀನು ಒಪ್ಪಿಕೊಂಡೆ, ಅದೂ ನನಗೆ ಗೊತ್ತು. ಲಿಮಾದ ಜಾಗ ಉಳಿಸಲು ಹೋಗಿ ಊರಿನದನ್ನು ಕೊಟ್ಟುಬಿಟ್ಟೆ.

ಫೋಟೊ ವಿಷಯ ಹೇಳಿಬಿಡುತ್ತೇನೆ. ಅವರು ನನಗೆ ಮೂರು ಫೋಟೊ ಕೊಟ್ಟಿದ್ದರು. ಎರಡರಲ್ಲಿ ನಾನೊಬ್ಬಳೇ ಇದ್ದೆ. ಮೂರನೆಯದರಲ್ಲಿ ಕೈ ಇತ್ತು. ಆರಿಸಿಯೇ ಕಳಿಸಿದೆ. ಅದು ಜೀನೊ ಕೈಯೇ. ಆತ ಮೀನು ಮಾರುವವನ ಭುಜದ ಮೇಲೂ ಹಾಕುತ್ತಾನೆ, ಪಾದ್ರಿಯ ಭುಜದ ಮೇಲೂ ಹಾಕುತ್ತಾನೆ. ಸಮುದ್ರದಂಡೆಗೆ ಹೋದಾಗ ನಾವು ಐದು ಜನ ಇದ್ದೆವು.

ಊಟದ ಕಥೆಗೆ ಬರುತ್ತೇನೆ. ಡಬ್ಬಿಯಲ್ಲಿ ಎರಡನೇ ಚೀಲದ ಬಿಳಿ ಉಪ್ಪು ಸ್ವಲ್ಪ ಉಳಿದಿತ್ತು. ಕೈ ಬಿಗಿ ಹಿಡಿದರೆ ಎಲ್ಲಾ ಮೇಜಿಗೂ ಸಾಕಾಗುತ್ತಿತ್ತು. ತಟ್ಟೆಗಳು ಹೊರಟವು. ಕುಂಬಳ ಚೆನ್ನಾಗಿ ಬೆಂದಿತ್ತು, ಬೀಟ್‌ರೂಟಿನ ಸಿಪ್ಪೆ ತಾನಾಗಿ ಕಳಚುತ್ತಿತ್ತು. ಒಂದು ಕೈಯಲ್ಲಿ ಆ ಡಬ್ಬಿ, ಇನ್ನೊಂದು ಕೈಯಲ್ಲಿ ನಿನ್ನ ಉಪ್ಪು ತುಂಬಿದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತೆ. ಸಮುದ್ರದ ಒಲೆ ಬೇಕಿತ್ತು ನನಗೆ, ನಿಕಾನೊರ್. ತುಂಬಾ ಬೇಕಿತ್ತು. ಆದರೆ ಅದನ್ನು ಅವಳ ಕೈಯಿಂದ ಪಡೆಯಲು ನನ್ನಿಂದಾಗಲಿಲ್ಲ. ಡಬ್ಬಿ ಇಟ್ಟು ಬಟ್ಟಲು ತೆಗೆದುಕೊಂಡು ಹೋದೆ.

ಮೂರನೇ ಮೇಜಿನ ದೊಡ್ಡ ಮನುಷ್ಯರು ಬಾಯಿಗಿಟ್ಟರು. ಕಟಕ್ ಎಂದಿತು. ಕರವಸ್ತ್ರಕ್ಕೆ ಕಲ್ಲು ಉಗಿದರು, ಕಲ್ಲಿನ ಜೊತೆ ಹಲ್ಲಿನ ಚೂರೂ ಬಂತು. ಆಮೇಲೆ ನಡೆದದ್ದನ್ನು ನೀನೇ ಊಹಿಸಿಕೋ. ಅಡುಗೆಮನೆಯಲ್ಲಿ ದೋನ್ ಜೀನೊ ಡಬ್ಬಿ ಎತ್ತಿ ನನ್ನ ಮುಖಕ್ಕೆ ಹಿಡಿದು ಕೂಗಿದರು. “ಒಳ್ಳೇ ಉಪ್ಪು ಇಲ್ಲೇ ಇತ್ತಲ್ಲೇ! ಇದನ್ನ ಯಾಕೆ ಹಾಕ್ಲಿಲ್ಲ?”

“ಅದು ನಮ್ಮನೇದಲ್ಲ ಸ್ವಾಮಿ” ಎಂದೆ.

ಸಮುದ್ರದ ಒಲೆ ಬೇರೆಯವರಿಗೆ ಹೋಯಿತು. ಹಲಗೆಯ ಮೇಲಿನ ಹೆಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಬೇಕಾದರೆ ತರಕಾರಿ ತೊಳೆದುಕೊಂಡು ಇರು ಎಂದಿದ್ದಾರೆ. ಎಲ್ಲಾ ಮುಗಿದ ಮೇಲೆ ನಿನ್ನ ಕಾಗದ ಓದಿದೆ. ಹೋರಿಯ ಸಾಲು ಓದಿ ಸಿಟ್ಟು ಬಂತು, ಬಹಳ ಬಂತು. ಅದರ ಲೆಕ್ಕ ಊರಲ್ಲಿ ತೀರಿಸುತ್ತೇನೆ, ಅತ್ತೆಯ ಮುಂದೆಯೇ ತೀರಿಸುತ್ತೇನೆ. ಆದರೆ ಒಂದು ಮಾತು. ನೀನು ಪ್ರೀತಿಯಿಂದ ಕಳಿಸಿದ್ದರಲ್ಲಿ ಅವಳ ಕೈ ಇತ್ತು. ಸಿಟ್ಟಿನಿಂದ ಕಳಿಸಿದ್ದರಲ್ಲಿ ನಿನ್ನ ಕೈ ಇತ್ತು. ನನಗೆ ನಿನ್ನದೇ ಬೇಕು.

ಎವಾರಿಸ್ತೊನ ಮುಂದಿನ ಲಾರಿಗೆ ಬರುತ್ತೇನೆ. ಅಷ್ಟರಲ್ಲಿ ಕಸಿಮಿರಾಳ ಪಾತಿಗೆ ಪೂರ್ತಿ ದಿಮ್ಮಸು ಹೊಡೆದುಕೊಟ್ಟು ಮುಯ್ಯಿ ಚುಕ್ತಾ ಮಾಡು. ಹಬ್ಬದ ದಿನ ಗದರಿಸಿದ್ದಕ್ಕೆ ಕ್ಷಮೆ ಕೇಳು, ಪಾಪ, ಅವಳದ್ದೇನು ತಪ್ಪು? ಕೇಳಿ ತಕ್ಷಣ ಮನೆಗೆ ಬಾ. ಅಲ್ಲಿ ಜೋಳದ ಹೆಂಡ ಚಿಚಾ ಕೊಟ್ಟರೆ ಕುಡಿಯಲು ಕೂರಬೇಡ.

ಫೆಲಿಸಾ

•

ಮರಾಸ್
19 ಜುಲೈ 2006

ಫೆಲಿಸಾ,

ಎವಾರಿಸ್ತೊ ಹೊರಟು ನಿಂತಿದ್ದಾನೆ, ಹಾರ್ನ್ ಹೊಡೆಯುತ್ತಿದ್ದಾನೆ. ಅದಕ್ಕೆ ನಾಲ್ಕೇ ಸಾಲು.

ದಿಮ್ಮಸು ಮುಗಿಯಿತು. ಕ್ಷಮೆ ಕೇಳಿದೆ. ಚಿಚಾ ಕೊಟ್ಟಳು, ನಿಂತೇ ಕುಡಿದೆ. “ಫೆಲಿಸಾ ಬರ್ತಾಳಂತಲ್ಲ, ಇನ್ನು ನಿನ್ ಪಾತಿ ಕಡೆ ನಾನ್ ತಲೆ ಹಾಕಿ ಮಲಗಲ್ಲ ಮಾರಾಯ” ಎಂದು ನಕ್ಕಳು. ಅವಳು ನಮ್ಮ ಪಾತಿಗೆ ಇಳಿದಾಗಲೂ ತನ್ನ ಸೌಟೇ ತಂದಿದ್ದಳು. ನಿನ್ನದು ಹಂಡೆಯ ಹಿಂದೆ ನೀನಿಟ್ಟ ಹಾಗೇ ಇದೆ, ಜೇಡ ಬಲೆ ಕಟ್ಟಿದೆ. ಒರೆಸಲು ಹೋದೆ, ಆಮೇಲೆ ಬಿಟ್ಟೆ. ನೀನೇ ನೋಡಲಿ ಎಂದು.

ಆ ದೊಡ್ಡ ಮನುಷ್ಯನ ಹಲ್ಲಿನ ವಿಷಯ ಅಮ್ಮನಿಗೆ ಹೇಳಿಲ್ಲ. ನೀನೂ ಹೇಳಬೇಡ. ಮೀನು ಮಾರುವವನ ಭುಜದ ಮೇಲೂ ಕೈ ಹಾಕುತ್ತಾನೆ ಎಂದೆಯಲ್ಲ, ಉಂಗುರದ ಕೈಯನ್ನೇ ಹಾಕುತ್ತಾನೋ, ಇನ್ನೊಂದನ್ನೋ? ಬಂದ ಮೇಲೆ ಹೇಳು.

ಹೂವು ದಿನಾ ಕಟ್ಟುತ್ತಿದೆ. ಬೆಳಿಗ್ಗೆ ನೀರಿನ ಮೇಲೆ ತೆಳ್ಳಗೆ ಹರಡಿರುತ್ತದೆ. ನಾನು ಮುಟ್ಟಿಲ್ಲ, ಯಾರನ್ನೂ ಮುಟ್ಟಲು ಬಿಟ್ಟಿಲ್ಲ. ಮಧ್ಯಾಹ್ನ ಗಾಳಿ ಬೀಸಿದರೆ ಎಲ್ಲಾ ಕೆಳಗೆ ಮುಳುಗಿ ಬರೀ ಅಡುಗೆ ಉಪ್ಪಾಗುತ್ತದೆ. ಅಮ್ಮ ಬದುವಿನ ಮೇಲೆ ನಿಂತು ಬಾಯಿ ಬಾಯಿ ಬಡಿದುಕೊಳ್ಳುತ್ತಾಳೆ. “ಏ ಹುಚ್ಚಾ, ಹೂವೆಲ್ಲಾ ಮುಳುಗಿ ಹೋಗ್ತಿದ್ಯಲ್ಲೋ!”

“ಮುಳುಗ್ಲಿ ಬಿಡಮ್ಮಾ, ಅವಳು ಬರ್ತಾಳೆ” ಎನ್ನುತ್ತೇನೆ.

ನಿಕಾನೊರ್